ಹತ್ತು ಸಲ ಅಳೆದ ಬಂಡೆ

ಮಾರ್ಚ್ ೧೪

ಪ್ರೀತಿಯ ಅಕ್ಕಾ,

ನಮಸ್ಕಾರ. ನಿಮ್ಮ ಎರಡು ಪತ್ರ ಬಂದರೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡಿ. ಕೆಲಸ ಜಾಸ್ತಿಯಿತ್ತು ಎನ್ನಬಹುದಿತ್ತು, ಸುಳ್ಳು ಸಾಕಾಗಿದೆ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಮ್ಮ ಯಜಮಾನರ ಮಂಡಿನೋವು ಇಳಿದಿದೆ, ಗೊಣಗಾಟ ಮಾತ್ರ ಹಾಗೇ ಇದೆ.

ನಮ್ಮ ನಕ್ಷೆ ಕಚೇರಿಗೆ ಹೊಸ ಸಾಹೇಬರು ಬಂದಿದ್ದಾರೆ. ವಿಮಾನದಿಂದ ತೆಗೆದ ಜೋಡಿ ಫೋಟೊ ನೋಡಿ ನಾವು ಅಳೆಯುವ ಎತ್ತರ ಎಷ್ಟು ನಿಖರ ಎಂದು ತಿಳಿಯಲು ಹಳೆಯ ಪರೀಕ್ಷೆಗಳ ಹಾಳೆ ತರಿಸಿದರು. ಹನ್ನೊಂದು ವರ್ಷದ ಹಿಂದೆ ನಾವಿಬ್ಬರೂ ಪರೀಕ್ಷೆಗೆ ಕೂತಿದ್ದೆವಲ್ಲ, ಅದರ ಹಾಳೆಗಳೂ ಸಿಕ್ಕವು. ಫೋಟೊದಲ್ಲಿ ಕಾಣುವ ಒಂದೇ ಬಂಡೆಯ ಮೇಲೆ ಯಂತ್ರದ ಚುಕ್ಕಿ ಕೂರಿಸಿ, ಅಂಕಿ ಬರೆದು, ಚುಕ್ಕಿ ಎತ್ತಿ ಮತ್ತೆ ಕೂರಿಸಬೇಕು, ಹತ್ತು ಸಲ. ಅಂಕಿಗಳ ನಡುವೆ ವ್ಯತ್ಯಾಸ ಕಮ್ಮಿಯಿದ್ದಷ್ಟೂ ಕಣ್ಣು ಚುರುಕು ಎಂದರ್ಥ. ನಿಮ್ಮವು ಸ್ವಲ್ಪ ಹೆಚ್ಚುಕಡಿಮೆ ಇದ್ದವು. ನನ್ನವು ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದ್ದವು.

ಸಾಹೇಬರು ನನ್ನ ಹಾಳೆ ನೋಡಿ ನಕ್ಕರು. "ಮೇಡಂ, ಇದು ಅಳೆದಿದ್ದಲ್ಲ, ಬರೆದಿದ್ದು. ಮನುಷ್ಯರ ಕಣ್ಣು ಇಷ್ಟು ಸರಿಯಾಗಿರಲ್ಲ. ಇವರದು ನೋಡಿ, ಅಳತೆ ಅಂದ್ರೆ ಇದು," ಎಂದು ನಿಮ್ಮ ಹಾಳೆ ಎತ್ತಿ ತೋರಿಸಿದರು. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಹೌದಕ್ಕಾ. ಎರಡು ಸಲ ಅಳೆದೆ. ಮೂರನೆಯ ಅಂಕಿ ದೂರ ಹೋಯಿತು. ಆಗಿನ್ನೂ ನನ್ನ ಕೆಲಸ ಕಾಯಂ ಆಗಿರಲಿಲ್ಲ. ಅದನ್ನು ಬರೆಯಲೇ ಇಲ್ಲ. ಕೊನೆಯ ಅಂಕಿಯೊಂದನ್ನೇ ಆಚೀಚೆ ಮಾಡಿ ಉಳಿದ ಎಂಟು ಸಾಲು ತುಂಬಿಸಿದೆ. ಹಳೇ ಸಾಹೇಬರು ನನ್ನ ಆ ಹಾಳೆಯನ್ನೇ ಅಳತೆಗೋಲು ಮಾಡಿಕೊಂಡು ನಿಮ್ಮನ್ನು ಯಂತ್ರದಿಂದ ಎಬ್ಬಿಸಿ ಕಡತಗಳ ಕೋಣೆಗೆ ಹಾಕಿದರು. ನನಗೆ ಕೈಹಿಡಿದು ಕೆಲಸ ಕಲಿಸಿದ ನಿಮ್ಮನ್ನು. ಮೊದಮೊದಲು ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ನಿಮ್ಮ ಕುರ್ಚಿ ಹಿತವಾಯಿತು. ಎಂಥ ನಾಚಿಕೆಗೆಟ್ಟವಳು ನೋಡಿ ನಾನು.

ನಿನ್ನೆ ಎಲ್ಲವನ್ನೂ ಬರೆದು, ಸಹಿ ಹಾಕಿ ಸಾಹೇಬರ ಕೈಗೆ ಕೊಟ್ಟೆ. ಏನು ಮಾಡುತ್ತಾರೋ ಮಾಡಲಿ. ನಿಮ್ಮ ಹಾಳೆಯ ನಕಲು ಇದರ ಜೊತೆಗಿಟ್ಟಿದ್ದೇನೆ.

ಮೊಮ್ಮಗಳಿಗೆ ನನ್ನ ಆಶೀರ್ವಾದ, ನೂರು ಕಾಲ ಬಾಳಲಿ. ನಿಮ್ಮ ಆಶೀರ್ವಾದ ಕೇಳುವ ಮುಖ ನನಗಿಲ್ಲ.

ನಿಮ್ಮ
ಬಾಯಿಬಡುಕಿ

ತಾ.ಕ.: ನೀವು ಕಳೆದ ಪತ್ರದಲ್ಲಿ, ಕಣ್ಣನ್ನು ನಂಬುವ ಹಾಗಿಲ್ಲವೆಂದು ಹೊಲಿಗೆ ಬಿಟ್ಟೆ, ಮೊಮ್ಮಗಳನ್ನು ರಸ್ತೆ ದಾಟಿಸುವುದಕ್ಕೂ ಹೆದರುತ್ತೇನೆ ಎಂದು ಬರೆದಿದ್ದಿರಿ. ಅದನ್ನೋದಿದ ಮೇಲೆ ಅನ್ನ ಇಳಿಯುತ್ತಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ಮಧ್ಯಾಹ್ನ ನೀವು, "ನನ್ ಕಣ್ಣಿಗೆ ಏನಾಯ್ತೇ?" ಎಂದು ಕೇಳಿದಿರಿ. ನಾನು ಔಷಧಿ ಅಂಗಡಿಗೆ ಓಡಿಹೋಗಿ ಬಂದು, ನಿಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕಣ್ಣಿಗೆ ಹನಿ ಹಾಕಿದೆ. ನೀವು ನನ್ನ ಕೆನ್ನೆ ಸವರಿ, ಈಗ ಹಿತವಾಯಿತು ಎಂದಿರಿ. ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ ಅಕ್ಕಾ.