ದಾರ ಕಟ್ಟಿದ ಬಾಗಿನ

ಸ್ಯಾನ್ ಹೊಸೆ
೧೧ ಮೇ ೨೦೨೫, ಭಾನುವಾರ

ನನ್ನವ್ವ ನಿಸರ್ಗಾ,

ಹೇಗಿದ್ದೀ? ಅಲಾಸ್ಕದ ನಿನ್ನ ಸರೋವರದ ಮೇಲಿನ ಹಿಮ ಒಡೆಯಿತೇ? ಡೇರೆಯಲ್ಲಿ ಮಲಗುವಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀ ತಾನೇ? ಕರಡಿ ಕಂಡರೆ ಓಡಬಾರದು, ನಿಂತು ಗದರಿಸಬೇಕು ಎಂದು ನೀನೇ ಹೇಳಿಕೊಟ್ಟಿದ್ದಿ. ನಿನ್ನ ಆಯಿ ಆ ಪಾಠವನ್ನು ಇಲ್ಲಿ ಬೇರೆ ಪ್ರಾಣಿಗಳ ಮೇಲೆ ಪ್ರಯೋಗಿಸುತ್ತಿದ್ದಾಳೆ. ನನ್ನ ಮೊಣಕಾಲು ಹಾಗೇ ಇದೆ, ನಾಲಿಗೆ ಇನ್ನೂ ಚುರುಕಾಗಿದೆ. ನಾನೇ ಕಲಿಸಿದ ಅಕ್ಷರ, ನಿಧಾನವಾಗಿ ಓದು. ಹಾಳೆಗಳ ಫೋಟೊ ತೆಗೆದು ಫೋನಿಗೇ ಕಳಿಸುತ್ತಿದ್ದೇನೆ. ಗುಡ್ಡ ಹತ್ತಿ ನಿನಗೆ ಸಿಗ್ನಲ್ಲು ಸಿಕ್ಕಾಗ ಮೊದಲು ಇದನ್ನು ಓದು, ಆಮೇಲೆ ಯಾರದ್ದಾದರೂ ಫೋನೆತ್ತು.

ನಿನ್ನೆ ನಮ್ಮ ಕಾಲೊನಿಯ ಲೇಕಿಗೆ ಬಾಗಿನ ಕೊಟ್ಟರು. ನಗಬೇಡ, ಮುಂದಿದೆ. ಮಳೆ ಬಂದು ತುಂಬಿದ ಕೆರೆಗೆ, ಹೊಳೆಗೆ ಬಾಗಿನ ಬಿಡುವುದನ್ನು ಕಂಡಿದ್ದೇನೆ. ಪಂಪಿನಿಂದ ನೀರು ತುಂಬಿಸಿ, ಪಾಚಿ ಕಾಣದಿರಲೆಂದು ನೀಲಿ ಬಣ್ಣ ಕಲಸಿ, ನಡುವೆ ಕಾರಂಜಿ ಕುಣಿಸುವ, ಕಟ್ಟಿದಂದಿನಿಂದ ಒಮ್ಮೆಯೂ ಬತ್ತದ ತೊಟ್ಟಿಗೆ ಬಾಗಿನ ಕೊಟ್ಟದ್ದನ್ನು ಈ ವಯಸ್ಸಿನಲ್ಲಿ ಕಂಡೆ. ಇದರ ಪುರೋಹಿತ, ಯಜಮಾನ, ಛಾಯಾಗ್ರಾಹಕ ಎಲ್ಲವೂ ಮನೆಮಾಲೀಕರ ಸಂಘದ ಅಧ್ಯಕ್ಷ ರಘೋತ್ತಮ. ಯಾರದ್ದೋ ಅಂಗಳದ ಹುಲ್ಲು ಬೆರಳುದ್ದ ಹೆಚ್ಚಾದರೆ ನೋಟಿಸು ಕಳಿಸುವ ಮಹಾಶಯ. ಅವನ ಬಲಗೈ ಯಾರೆಂದು ಕೇಳುತ್ತೀಯಾ? ಸಂಘದ ಕಾರ್ಯದರ್ಶಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಶಿವಪ್ರಕಾಶ, ನಿನ್ನ ಅಪ್ಪ.

ಎಲ್ಲದರ ಬೇರು ನೀನು ಮಾರ್ಚಿನಲ್ಲಿ ಕ್ಲಬ್‌ಹೌಸಿನಲ್ಲಿ ಕೊಟ್ಟ ಭಾಷಣ. ಅಲಾಸ್ಕದ ಕೆಂಪು ಸಾಲ್ಮನ್ ಮರಿಗಳು ಮೊಟ್ಟೆಯೊಡೆದ ಮೇಲೆ ಸರೋವರಕ್ಕೆ ಇಳಿಯುತ್ತವೆ, ಅಲ್ಲಿ ಒಂದೆರಡು ವರ್ಷ ಬೆಳೆದು ಆಮೇಲೆ ಸಮುದ್ರ ಸೇರುತ್ತವೆ, ಸರೋವರವೇ ಅವುಗಳ ತೊಟ್ಟಿಲು ಎಂದು ನೀನು ಹೇಳಿದ್ದಿ. ಎಲ್ಲರೂ ಆಹಾ ಎಂದರು. ಅಷ್ಟರಲ್ಲಿ ಮಿರ್ಚಿ ಭಜಿ ಬಂತು. ನೀನು ಪಾಪ, ‘ಆದರೆ ನಮ್ಮ ಹಳ್ಳದ ಸಾಲ್ಮನ್ ಬೇರೆ ಜಾತಿ’ ಎಂದು ಮುಂದುವರಿಸಿದ್ದಿ. ಕೇಳುವವರು ನಾನೊಬ್ಬಳು, ಖಾಲಿ ಕುರ್ಚಿಗಳು. ಅರ್ಧ ವಿದ್ಯೆ ಸಾಕು ಇವರಿಗೆ. ಉಳಿದರ್ಧವನ್ನು ಚಟ್ನಿಯಲ್ಲಿ ಅದ್ದಿ ತಿಂದರು.

ನನಗೆ ಆ ಉಳಿದರ್ಧ ಗೊತ್ತು. ಚಳಿಗಾಲದಲ್ಲಿ ನೀನು ಕೈಹಿಡಿದು ಕಾಲೊನಿಯ ಹಿಂದಿನ ಹಳ್ಳದ ತಿರುವಿಗೆ ಕರೆದೊಯ್ದಿದ್ದಿ. ಗಾಳಿಗೆ ಉರುಳಿದ ಆ ದೊಡ್ಡ ಮರ ನೀರಿಗೆ ಅಡ್ಡಬಿದ್ದಿತ್ತು. ಅದರ ಬೇರಿನ ಮರೆಯಲ್ಲಿ ನೀರು ಅವಸರ ಮರೆತು ನಿಂತಿತ್ತು. ಉಗುರಿನಷ್ಟು ಅಗಲ, ಬೆರಳಿನ ಗೆಣ್ಣಿನಷ್ಟು ಉದ್ದದ ಮರಿಗಳು, ಪಕ್ಕೆಯ ಮೇಲೆ ಮಸಿ ಬೆರಳೊತ್ತಿದಂಥ ಪಟ್ಟೆ. ನಾನು ಜೋರಾಗಿ ಮಾತಾಡಿದ್ದಕ್ಕೆ, ‘ಆಯಿ, ಶ್ಶ್! ದೇ ಆರ್ ಈಟಿಂಗ್’ ಎಂದು ನನ್ನ ಬಾಯಿ ಮುಚ್ಚಿಸಿದ್ದಿ. ನನ್ನ ಬಾಯಿ ಮುಚ್ಚಿಸಲು ಪೊಲೀಸರಿಗೂ ಆಗಿರಲಿಲ್ಲ! ಎಳೆಯವಿರುವಾಗ ಇವು ನಡುಹಳ್ಳದ ಸೆಳೆತಕ್ಕೆ ಹೋಗುವುದಿಲ್ಲ, ಅಂಚಿನ ಮಂದ ನೀರಿನಲ್ಲಿ, ನೆರಳಿನಲ್ಲಿ ಹುಳ ತಿಂದು ಬಲಿಯುತ್ತವೆ. ಮೈ ಬಂದಂತೆ ಆಳಕ್ಕೆ ಸರಿಯುತ್ತವೆ. ವಸಂತದಲ್ಲಿ ಪಟ್ಟೆ ಮಾಸಿ ಬೆಳ್ಳಿಯಾಗಿ, ಉಪ್ಪುನೀರಿಗೆ ಸಜ್ಜಾಗಿ, ಕೊಲ್ಲಿಗೆ, ಅಲ್ಲಿಂದ ಸಮುದ್ರಕ್ಕೆ ಇಳಿಯುತ್ತವೆ ಎಂದು ಹೇಳಿದ್ದಿ. ಈಗ ಮೇ. ಅವು ಹೊರಡುವ ಹೊತ್ತು.

ಹೊರಡುವ ಹೊತ್ತಿಗೇ ಸಂಘದವರು ಹಿಡಿದರು, ಕಣವ್ವಾ. ಹಳ್ಳದ ನೀರು ಇಳಿಯುತ್ತಿದೆ, ಮರಿಗಳು ಸಾಯುತ್ತವೆ, ‘ರೆಸ್ಕ್ಯೂ’ ಮಾಡೋಣ ಎಂದು ಸುದ್ದಿ ಹಬ್ಬಿಸಿದರು. ವಾರವೆಲ್ಲ ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಕೂತು ಬೆನ್ನು ಬಾಗಿದ ಗಂಡಸರು ನಿನ್ನೆ ಬೆಳಿಗ್ಗೆ ಹೊಸ ರಬ್ಬರು ಬೂಟು ತೊಟ್ಟು ಬಲೆ, ಬಕೀಟು ಹಿಡಿದು ಹಳ್ಳಕ್ಕೆ ಇಳಿದರು. ನಾನು ದಂಡೆಯ ಮೇಲಿಂದ ಕೂಗಿದೆ: ‘ಏ ಶಿವ್ಯಾ, ಹುಡುಗಿ ಹೇಳಿದ್ದು ಅಲಾಸ್ಕದ ಮೀನಿನ ಮಾತು. ಇವು ಬ್ಯಾರೆ. ಇವಕ್ಕ ಸಮುದ್ರಕ್ಕ ಹೋಗೂದೈತಿ. ಬಿಡ್ರೋ, ದಾರಿ ಬಿಡ್ರಿ!’

ರಘೋತ್ತಮ ನಕ್ಕ. ಎಂಥ ನಗೆ ಅಂತೀ, ಧರಣಿ ಕೂತವರಿಗೆ ತಹಸೀಲ್ದಾರ ಮಜ್ಜಿಗೆ ಕಳಿಸಿ ನಗುತ್ತಿದ್ದನಲ್ಲ, ಅಂಥದ್ದು. ‘ಆಂಟಿ, ಇಲ್ಲಿ ರಕೂನ್ ಇದೆ, ಕೊಕ್ಕರೆ ಇದೆ, ಹೋಮ್‌ಲೆಸ್ ಜನ ಬೇರೆ ಓಡಾಡ್ತಾರೆ. ನಮ್ಮ ಲೇಕ್ ಫುಲ್ ಸೇಫು. ಗೇಟೆಡ್ಡು’ ಎಂದ. ಮೀನಿಗೂ ಗೇಟು ಬೇಕಂತೆ! ‘ಹಂಗಾರ ಒಳ್ಳೇ ಸ್ಕೂಲಿಗೂ ಹಾಕ್ಸಪಾ ಅವನ್ನ’ ಎಂದೆ. ನಿನ್ನ ಅಪ್ಪ ಬಂದು ತೋಳು ಹಿಡಿದ. ‘ಅವ್ವಾ, ಪ್ಲೀಸ್, ಎಲ್ಲರ ಮುಂದೆ ಸೀನ್ ಮಾಡಬೇಡ. ಎಲ್ಲದಕ್ಕೂ ಹೋರಾಟ ಬೇಕಾ?’

ಎಲ್ಲದಕ್ಕೂ ಹೋರಾಟ ಬೇಕೇ ಎಂದು ಇವನು ಕೇಳುತ್ತಾನೆ! ಕೃಷ್ಣೆಯ ಹಿನ್ನೀರು ನಮ್ಮ ಓಣಿಗೆ ನುಗ್ಗಿದಾಗ ಇವನನ್ನು ಕಂಕುಳಲ್ಲಿ ಎತ್ತಿಕೊಂಡು ಧರಣಿ ಕೂತಿದ್ದೆ. ಊರು ಮುಳುಗಿದ ವರ್ಷ ಅದೇ ನೀರಿನ ಮೇಲೆ ದೊಡ್ಡವರು ಬಂದು ಬಾಗಿನ ಬಿಟ್ಟು ಕೈಮುಗಿದು ಹೋದರು. ಮುಳುಗಿಸಿದವನೇ ಅರಿಶಿನ ಕುಂಕುಮ ಎರಚುತ್ತಾನೆ. ಅದನ್ನು ನಾನು ಅಂದೇ ಕಲಿತೆ. ಮಗ ಕಲಿಯಲಿಲ್ಲ, ಬಿಇ ಓದಿದ.

ಲೇಕಿನ ಬಳಿ ಬ್ಯಾನರು. ‘ನಮ್ಮ ಮೀನು, ನಮ್ಮ ಹೆಮ್ಮೆ’. ಕೆಳಗೆ ನಿನ್ನ ಫೋಟೊ, ‘ಮಾರ್ಗದರ್ಶನ: ನಿಸರ್ಗಾ ಶಿವಪ್ರಕಾಶ್, ಮೀನು ವಿಜ್ಞಾನಿ’. ಹೆಂಗಸರು ರೇಷ್ಮೆ ಸೀರೆಯಲ್ಲಿ ಮೊರದ ಬಾಗಿನ ಹಿಡಿದು ನಿಂತರು. ಈಗ ಕೇಳು ಇವರ ಭಕ್ತಿಯ ಉದ್ದ: ಲೇಕಿಗೆ ಕಸ ಹಾಕಿದರೆ ಸಂಘದ್ದೇ ದಂಡ. ಆದ್ದರಿಂದ ಪ್ರತಿ ಮೊರಕ್ಕೂ ದಾರ ಕಟ್ಟಿದ್ದರು. ತೇಲಿಬಿಡುವುದು, ಫೋಟೊ ಆದ ಮೇಲೆ ಎಳೆದುಕೊಳ್ಳುವುದು. ಬಳೆ, ಬಿಚ್ಚೋಲೆ, ರವಿಕೆ ಖಣ, ಬೇಳೆ ಎಲ್ಲವೂ ಒದ್ದೆಯಾಗಿ ಮನೆಗೆ ವಾಪಸು. ಗಂಗಮ್ಮನಿಗೆ ತೋರಿಸಿ ತಂದರು, ಅಷ್ಟೆ.

ಮರಿಗಳಿಗೆ ದಾರ ಇರಲಿಲ್ಲ.

ಬಕೀಟು ಬೋರಲು ಹಾಕಿದರು. ನಾನು ಹತ್ತಿರ ಹೋಗಿ ನೋಡಿದೆ. ಪಟ್ಟೆ ಮಾಸಿತ್ತು ಕಣವ್ವಾ, ಮೈ ಬೆಳ್ಳಗಾಗಿತ್ತು. ಕೊಲ್ಲಿಗೆ ಹೊರಟು ನಿಂತ ಮಕ್ಕಳನ್ನು ಬಿಸಿಲಿಗೆ ಕಾದ ನೀರಿನ ತೊಟ್ಟಿಗೆ ಹಾಕಿದರು. ಗಾಳ ಹಾಕುವ ನಿವೃತ್ತರ ಖುಷಿಗೆಂದು ಸಂಘದವರೇ ಬಿಟ್ಟು ಸಾಕಿದ ದೊಡ್ಡ ಬಾಸ್ ಮೀನುಗಳು ಮರಿಗಳನ್ನು ನುಂಗಲು ನೀಲಿ ನೀರೊಳಗಿಂದ ಎದ್ದವು. ನೀರು ಎಸರಿನ ಹಾಗೆ ಕುದಿಯಿತು. ಜನ ಚಪ್ಪಾಳೆ ತಟ್ಟಿದರು. ‘ನೋಡಿ, ಎಷ್ಟು ಖುಷಿಯಾಗಿ ಕುಣೀತಿವೆ!’ ಎಂದ ರಘೋತ್ತಮ. ಥೂ ನಿನ್ನ, ಎಂದೆ. ಜೋರಾಗಿಯೇ ಎಂದೆ. ಅದು ವಿಡಿಯೊದಲ್ಲಿ ಬಂದಿದೆಯಂತೆ, ನಿನ್ನ ಅಮ್ಮ ಭಾವನಾ ಕದ್ದು ನಗುತ್ತಿದ್ದಳು. ಇವತ್ತು ಬೆಳಿಗ್ಗೆ ಮತ್ತೆ ಹೋದೆ. ದಂಡೆಗೆ ಬೆಳ್ಳಿಯ ಚೂರುಗಳು ಹತ್ತಿದ್ದವು. ಒಬ್ಬ ಮಾಲಿ ಎಲೆ ಊದುವ ಯಂತ್ರದಿಂದ ಅವನ್ನೂ ಊದುತ್ತಿದ್ದ.

ಊಟ ಸರಿಯಾಗಿ ಮಾಡು. ನಿನ್ನ ಸಂಗಡಿಗರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಆ ಸರೋವರದ ಮರಿಗಳು ತಮ್ಮ ಪಾಲಿನ ಚಳಿಯನ್ನೂ ಹಸಿವನ್ನೂ ಉಂಡು ನೆಟ್ಟಗೆ ಸಮುದ್ರ ಮುಟ್ಟಲಿ, ನೀನೂ ಅಷ್ಟೇ ನೆಟ್ಟಗೆ ಬೆಳೆ.

ನಿನ್ನ ಆಯಿ,
ಬಂಗಾರೆವ್ವ

ಮರೆತೆ: ಮುಟ್ಟಬಾರದ ಮೀನು ಎತ್ತಿದ್ದಾರೆಂದು ಮೀನು ಇಲಾಖೆಗೆ ನಾನೇ ಫೋನು ಮಾಡಿದೆ, ನನಗೆ ಬರುವ ಇಂಗ್ಲಿಷಿನಲ್ಲಿ. ನಾಳೆ ಅಧಿಕಾರಿ ಬರುತ್ತಾಳೆ. ನಿನ್ನ ಅಪ್ಪ ಗೋಡೆಯಾಚೆ ರಘೋತ್ತಮನಿಗೆ ಹೇಳುತ್ತಿದ್ದುದನ್ನು ಈಗ ಕೇಳಿದೆ: ‘ನಿಸರ್ಗಾ ಹತ್ರ ಪರ್ಮಿಟ್ ಇದೆ, ಅವಳೇ ಮಾಡೋಕೆ ಹೇಳಿದ್ದು ಅಂತ ಅವಳಿಂದಲೇ ಹೇಳಿಸೋಣ.’ ನಿನ್ನ ಅಪ್ಪ ನಿನಗೆ ಫೋನು ಮಾಡುತ್ತಾನೆ, ಅಳುತ್ತಾನೆ. ಅವನ ಅಳು ನನಗೆ ಗೊತ್ತು, ಹೆತ್ತವಳು ನಾನು. ಇಲ್ಲ ಎನ್ನು. ಹಿಂದುಮುಂದು ಸೇರಿಸಬೇಡ, ಬರೀ ಇಲ್ಲ ಎನ್ನು. ಉರುಳಿದ ಮರದ ಬೇರಿನೊಳಕ್ಕೆ ಇವರ ಬಲೆ ಹೋಗಲಿಲ್ಲ, ಅಲ್ಲಿ ಇನ್ನೂ ಒಂದಿಷ್ಟು ಉಳಿದಿವೆ. ಆ ಮರವನ್ನೂ ‘ಕ್ಲೀನ್’ ಮಾಡಲು ನಾಳೆ ಗರಗಸ ಬರುತ್ತದಂತೆ. ಮೊಣಕಾಲಿಗೆ ಎಣ್ಣೆ ಹಚ್ಚಿದ್ದೇನೆ, ಬೆಳಿಗ್ಗೆ ಹೋಗಿ ಅದರ ಮೇಲೆ ಕೂರುತ್ತೇನೆ.