ಹೋಲಿಕೆಯ ನೀರು

ಸೇತುವೆ ಶಕೆ ೧೩೧, ಹದಿಮೂರನೆಯ ತಿಂಗಳು, ಆರನೆಯ ದಿನ

ನಾನಿನ್ನೂ ಹುಟ್ಟದ ಕಾಲದ ಹಿರಿಯರಿಗೆ ತುಂಗಭದ್ರೆಯ ದಡದಿಂದ ಹುಲಿಗೆವ್ವನ ಶರಣು.

ನಮ್ಮ ತಿಂಗಳ ಲೆಕ್ಕ, ನಮ್ಮ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಬೇಸಿಗೆ ಉದ್ದವಾದ ಮೇಲೆ ವರ್ಷಕ್ಕೊಂದು ತಿಂಗಳು ಸೇರಿಸಿಕೊಂಡೆವು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೂ ಓದಿ.

ನಮ್ಮಲ್ಲಿ ಕಬ್ಬಿಣ ಅಪರೂಪ. ಸೀರೆ, ಚಾಪೆ, ತೊಟ್ಟಿಲ ಹಗ್ಗ, ಹೊಳೆಯ ಮೇಲಿನ ತೂಗುಸೇತುವೆ ಎಲ್ಲವೂ ಮರುನೂಲಿನವು. ಹರಿದ ಹತ್ತಿ ಬಟ್ಟೆಯನ್ನು ನೀಲರಸದಲ್ಲಿ, ಅಂದರೆ ತಾಮ್ರ ಮತ್ತು ಅಮೋನಿಯಾ ಕೂಡಿದ ದ್ರಾವಣದಲ್ಲಿ, ಕರಗಿಸಿ ಮತ್ತೆ ಎಳೆ ತೆಗೆಯುತ್ತೇವೆ. ಹತ್ತಿಯೊಳಗೆ ಸೆಲ್ಯುಲೋಸಿನ ಸರಪಳಿಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ತಾಮ್ರ ನಡುವೆ ಕೈಹಾಕಿ ಅವನ್ನು ಬಿಡಿಸುತ್ತದೆ. ಎಷ್ಟು ಬಿಡಿಸಿತೆಂದು ಬೆಳಕು ಹಾಯಿಸಿ ನೋಡುವುದು ನನ್ನ ಕೆಲಸ. ನೀಲರಸ ಕೆಂಬೆಳಕನ್ನು ನುಂಗುತ್ತದೆ. ಹತ್ತಿ ಕರಗಿದಂತೆಲ್ಲ ಅದು ನುಂಗುವ ಬಣ್ಣ ಕೊಂಚ ಸರಿಯುತ್ತದೆ. ಮೂವತ್ತು ವರ್ಷ ಇದನ್ನೇ ನೋಡಿದ್ದೇನೆ.

ಅಳೆಯುವ ಮೊದಲು ಬೆಳಕು ಹಾಯಿಸುವ ಯಂತ್ರಕ್ಕೆ ಬರಿ ನೀರು ತೋರಿಸಿ, ಇದೇ ಸೊನ್ನೆ ಎನ್ನುತ್ತೇವೆ. ಅದು ಹೋಲಿಕೆಯ ನೀರು. ಮರುನೂಲಿನ ಕಾರ್ಖಾನೆಯ ಹಿಂದಿನ ಬಾವಿಯಿಂದಲೇ ಅದನ್ನು ಸೇದುವುದು ನಮ್ಮಜ್ಜಿಯರ ಪದ್ಧತಿ. ಸೇತುವೆಯ ಹಗ್ಗ ಒಣಗಿ ಸಿಡಿಯಬಾರದೆಂದು ದಿನಾ ಎರಚುವುದೂ ಆ ನೀರನ್ನೇ. ಅದು ಶುದ್ಧವಿದೆಯೇ ಎಂದು ವಾರಕ್ಕೊಮ್ಮೆ ಪರೀಕ್ಷಿಸುವವಳು ನಾನು. ಬಾವಿಯ ನೀರನ್ನು ಬಾವಿಯ ನೀರಿಗೇ ಹೋಲಿಸಿ ಪ್ರತಿವಾರ ಸೊನ್ನೆ ಬರೆದೆ. ಎಂಥ ದಡ್ಡಿ ನಾನು!

ಇವತ್ತು ಬೆಳಿಗ್ಗೆ ಸೇದುವಾಗ ಬಾವಿಯ ಮರುನೂಲಿನ ಹಗ್ಗ ಅಂಟಂಟಾಗಿ ಕೈಯಲ್ಲೇ ಕಿತ್ತುಬಂತು. ಓಡಿಹೋಗಿ ಮಳೆನೀರನ್ನು ಸೊನ್ನೆಗಿಟ್ಟು ಬಾವಿಯ ನೀರನ್ನು ಅಳೆದೆ. ಕೆಂಬೆಳಕು ನುಂಗಿದ ಗೆರೆ ಸೊನ್ನೆಯಿಂದ ಎದ್ದು ನಿಂತಿತು. ಕಣ್ಣಿಗೆ ತಿಳಿನೀರು, ಒಳಗೆ ನೀಲರಸ. ಕಾರ್ಖಾನೆಯ ನೀಲರಸದ ತೊಟ್ಟಿ ಎಂದಿನಿಂದ ಸೋರುತ್ತಿತ್ತೋ ದೇವರೇ ಬಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ನನ್ನ ಮಗಳು ಪಾರೆವ್ವ ಆಚೆ ದಡದ ಹೆರಿಗೆಮನೆಯಿಂದ ಒಂಬತ್ತು ದಿನದ ಕೂಸಿನೊಂದಿಗೆ ಇವತ್ತೇ ಬರುವವಳು. ಸೇತುವೆ ಮೇಸ್ತ್ರಿ ವಿರುಪಣ್ಣನಿಗೆ ಎಲ್ಲ ಹೇಳಿ, ಸೇತುವೆ ಮುಚ್ಚೆಂದು ಕೈಮುಗಿದೆ. "ನಿನ್ನ ಯಂತ್ರಕ್ಕ ವಯಸ್ಸಾಗೇತಿ ಯಕ್ಕಾ, ನಿನಗೂ ಆಗೇತಿ," ಎಂದು ನಕ್ಕ. ಯಾರೂ ದಾಟದಿರಲೆಂದು ನಾನೇ ಕುಡುಗೋಲು ತಂದು ಸೇತುವೆಯ ಒಂದು ಬದಿಯ ಹಗ್ಗ ಕತ್ತರಿಸಿದೆ. ಇನ್ನೊಂದನ್ನು ಮುಟ್ಟುವಷ್ಟರಲ್ಲಿ ಹಿಡಿದು ಈ ಕೋಣೆಯಲ್ಲಿ ಕೂಡಿಹಾಕಿದರು. ಊರೆಲ್ಲ ನನ್ನನ್ನು ಹುಚ್ಚಿ ಎನ್ನುತ್ತಿದೆ.

ನಿಮ್ಮನ್ನು ಬೇಡುವುದಿಷ್ಟೇ: ನಿಮ್ಮ ಹೋಲಿಕೆಯ ನೀರನ್ನು ಬೇರೆ ಊರಿನಿಂದ ತರಿಸಿ.

ಕಿಟಕಿಯಿಂದ ಕಾಣುತ್ತಿದೆ. ಪಾರೆವ್ವ ಕೂಸನ್ನು ಅವಚಿಕೊಂಡು ಆಚೆ ದಡದಲ್ಲಿ ಕಾಯುತ್ತಿದ್ದಾಳೆ. ನಾನು ಕತ್ತರಿಸಿದ ಹಗ್ಗಕ್ಕೆ ಗಂಟು ಹಾಕಿದ್ದಾರೆ. ಗಂಟು ನೆನೆದು ಬಿಗಿಯಲೆಂದು ಬಾವಿಯಿಂದ ಕೊಡಗಟ್ಟಲೆ ನೀರು ತಂದು ಸುರಿಯುತ್ತಿದ್ದಾರೆ.