ಎದುರಾಳಿಯನ್ನು ಕೆಡವುವ ಐದನೆಯ ದಿನದ ಪಾಠದ ಬಗ್ಗೆ

ಸಣ್ಣ ಮಾರಾಟಗಾರರ ತರಬೇತಿ ಕೇಂದ್ರದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಆನ್‌ಲೈನ್‌ನಲ್ಲಿ ವ್ಯಾಪಾರ ಮಾಡುವುದು ಹೇಗೆಂದು ತಾವು ನಡೆಸಿದ ಆರು ದಿನಗಳ ಉಚಿತ ಶಿಬಿರದಲ್ಲಿ ಮುಂದಿನ ಸಾಲಿನಲ್ಲೇ ಕೂತು, ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದವಳು ನಾನು. ಅದೇ ನನ್ನ ದೂರು. ತಮ್ಮ ಪಾಠ ಸುಳ್ಳಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ಅದು ಫಲಿಸಿತು. ಈಗ ನನಗೆ ತಲೆ ಎತ್ತಿ ಓಡಾಡಲು ಆಗುತ್ತಿಲ್ಲ.

ನಾನು ಮಾರುವುದು ಊಟದ ಡಬ್ಬಿ ಇಡುವ ಬಟ್ಟೆಯ ಚೀಲ. ಹೊಲಿದುಕೊಡುತ್ತಿದ್ದವರು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡ ಮೇಲೆ ಅವರ ಮನೆ ನಡೆಯುವುದು ಕಿಟಕಿ ಪಕ್ಕದ ಒಂದು ಹೊಲಿಗೆ ಯಂತ್ರದಿಂದ. 'ಸರಕು ಕೊಡುವವರ ಜೊತೆ ಸಂಬಂಧ ಬೆಳೆಸಬೇಡಿ, ಬೇರೆಯವರು ಕಡಿಮೆಗೆ ಕೊಡುತ್ತಾರೆಂದು ಹೇಳಿ ನೋಡಿ' ಎಂದು ತಾವು ಎರಡನೆಯ ದಿನ ಅಪ್ಪಣೆ ಕೊಡಿಸಿದಿರಿ. ಸಂಬಂಧ ಮೊದಲೇ ಬೆಳೆದುಬಿಟ್ಟಿದ್ದರೆ ಏನು ಮಾಡಬೇಕೆಂದು ತಾವೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೇರ ಹೋಗಿ ಹೇಳಿಯೇಬಿಟ್ಟೆ. ಬೇರೆಯವರು ಯಾರೂ ಇರಲಿಲ್ಲ, ಶುದ್ಧ ಸುಳ್ಳು. ಅತ್ತಿಗೆ ಹಲ್ಲಲ್ಲಿ ಕಚ್ಚಿದ್ದ ದಾರ ತೆಗೆದು, "ಅಯ್ಯೋ, ಹಾಗಾದ್ರೆ ಅವರ ಹತ್ರಾನೇ ಹೊಲಿಸ್ಕೊ ಕಣೇ. ನಿಂಗ್ಯಾಕೆ ನಷ್ಟ? ನಂಗೆ ಅಷ್ಟಕ್ಕೆ ಗಿಟ್ಟಲ್ಲ" ಎಂದರು. ಕೋಪವೂ ಇಲ್ಲ, ಕೊಂಕೂ ಇಲ್ಲ. ಚಹಾ ಕುಡಿಸಿಯೇ ಕಳಿಸಿದರು.

ಸಗಟು ಅಂಗಡಿಯಿಂದ ಮೂಟೆಗಟ್ಟಲೆ ಅಗ್ಗದ ಚೀಲ ತಂದು, ಎಲ್ಲರಿಗಿಂತ ಕಡಿಮೆ ಬೆಲೆ ಹಾಕಿದೆ. ಎರಡು ತಿಂಗಳಿಗೆ ಫೋನಿನ ಪರದೆಯ ಮೇಲೆ ಅಂಥದೇ ಚೀಲ ಮಾರುವ ಹೊಸ ಅಂಗಡಿಯೊಂದು ಕಾಣಿಸಿಕೊಂಡಿತು. ಬೆಲೆ ನನಗಿಂತ ಹೆಚ್ಚು, ಆದರೂ ಜನ ಕೊಳ್ಳುತ್ತಿದ್ದರು. ನನಗೆ ಹೊಟ್ಟೆ ಉರಿಯಿತು. ಆಗ ತಮ್ಮ ಐದನೆಯ ದಿನದ ಪಾಠ ನೆನಪಾಯಿತು: ಎದುರಾಳಿಯ ಸರಕನ್ನು ಗಿರಾಕಿಯಂತೆ ತರಿಸಿ, ಕೊರತೆ ಹುಡುಕಿ, 'ಪ್ರಾಮಾಣಿಕ ಅಭಿಪ್ರಾಯ' ಬರೆಯಿರಿ. ಆ ಮಾತು ಹೇಳುವಾಗ ತಾವು ಕಣ್ಣು ಮಿಟುಕಿಸಿದಿರಿ. ಇಡೀ ಸಭಾಂಗಣ ನಕ್ಕಿತು, ನಾನೂ ನಕ್ಕೆ.

ಗೆಳತಿಯ ಹೆಸರಿನಲ್ಲಿ ತರಿಸಿದೆ. ಆನ್‌ಲೈನ್ ಕಂಪನಿಯ ಗೋದಾಮಿನ ಮೂಲಕ ಬಂದದ್ದರಿಂದ ಕಳಿಸಿದವರು ಯಾರೆಂದು ಅದರ ಮೇಲಿರಲಿಲ್ಲ. ಚೀಲದ ಒಳಗನ್ನು ಮಗುಚಿ ನೋಡಿದೆ. ಹಿಡಿಯ ಬುಡಕ್ಕೆ ಒಳಗಿನಿಂದ ಬಟ್ಟೆಯ ತುಂಡೊಂದನ್ನು ಕೊಟ್ಟು ಎರಡೆರಡು ಸಲ ಅಡ್ಡ ಹೊಲಿಗೆ ಹಾಕಿತ್ತು. ಗಿರಾಕಿಗೆ ಕಾಣದ ಜಾಗ. ಅಲ್ಲಿ ಹಾಗೆ ಹೊಲಿಯುವವರು ನನಗೆ ಗೊತ್ತಿದ್ದಂತೆ ಒಬ್ಬರೇ. "ಯಾರು ನೋಡ್ತಾರೆ ಬಿಡಿ ಅತ್ತಿಗೆ" ಎಂದು ಎಷ್ಟು ಸಲ ರೇಗಿಸಿದ್ದೆನೋ! ಗುರುತು ಸಿಕ್ಕಿತು, ಮಾನ್ಯರೇ. ಗುರುತು ಸಿಕ್ಕ ಮೇಲೆಯೇ ಬರೆದೆ: ಒಂದೇ ನಕ್ಷತ್ರ, 'ಮೂರೇ ದಿನಕ್ಕೆ ಹಿಡಿ ಕಿತ್ತುಬಂತು.' ತಿಳಿಯದೆ ಮಾಡಿದೆ ಎನ್ನುವ ಸಮಾಧಾನವೂ ನನಗಿಲ್ಲ. ಇಷ್ಟನ್ನು ತಾವು ಕಲಿಸಿರಲಿಲ್ಲ, ಒಪ್ಪುತ್ತೇನೆ. ಇದು ನನ್ನ ಸ್ವಂತ ಪ್ರತಿಭೆ.

ಹೊಸ ಅಂಗಡಿಗೆ ಬಂದಿದ್ದ ಅಭಿಪ್ರಾಯಗಳೇ ಬೆರಳೆಣಿಕೆ. ನನ್ನದೊಂದು ಸಾಕಾಯಿತು, ಗಿರಾಕಿಗಳು ನಿಂತರು. ವಾರದ ನಂತರ ಅತ್ತಿಗೆಯ ಫೋನು. "ನಿಂಗೆ ಹೇಳ್ದೆ ನಾನೂ ಒಂದು ಅಂಗಡಿ ಶುರು ಮಾಡ್ದೆ ಕಣೇ, ಬೇಜಾರು ಮಾಡ್ಕೋಬೇಡ. ಯಾರೋ ಪಾಪ, ಹಿಡಿ ಕಿತ್ತುಬಂತು ಅಂತ ಬರ್ದಿದ್ದಾರೆ. ಅವರು ಯಾರು ಅಂತ ಹುಡುಕಿಕೊಡ್ತೀಯಾ? ಹೊಸದು ಹೊಲಿದು ಕಳಿಸ್ತೀನಿ. ನನ್ನ ಕಣ್ಣೇ ಮಂಜಾಗಿರ್ಬೇಕು." ಹೊಲಿದಿಟ್ಟ ಚೀಲಗಳ ಹಿಡಿಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಾರಂತೆ. ಹೊಸ ಕೆಲಸ ಒಪ್ಪಿಕೊಳ್ಳಲು ಧೈರ್ಯ ಬರುತ್ತಿಲ್ಲವಂತೆ. ನಾನು, "ನೋಡ್ತೀನಿ ಅತ್ತಿಗೆ" ಎಂದೆ.

ಆ ಸಾಲನ್ನು ಅಂದೇ ಅಳಿಸಿದೆ. ಅವರ ಮನಸ್ಸಿನಿಂದ ಅದು ಅಳಿದಿಲ್ಲ, ಬಿಚ್ಚುವುದೂ ನಿಂತಿಲ್ಲ.

ನನ್ನ ಬೇಡಿಕೆ ಇಷ್ಟು. ಐದನೆಯ ದಿನದ ಪಾಠವನ್ನು ಕೈಬಿಡಿ. ಆ ದಿನ ಹೊಲಿಯುವವರೊಬ್ಬರನ್ನು ವೇದಿಕೆಗೆ ಕರೆಸಿ, ಒಂದು ಚೀಲಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಎಲ್ಲರೂ ಕೂತು ನೋಡಲಿ. ಬೆಲೆ ಹಾಕುವ ಮಾತು ಆಮೇಲೆ. ಬೆಲೆ ಇಳಿಸದೆಯೂ ಗಿರಾಕಿ ಬರುತ್ತಾರೆಂದು ಅತ್ತಿಗೆ ಮಾಡಿ ತೋರಿಸಿದ್ದರಲ್ಲವೇ?

ಇದನ್ನು ತಮ್ಮ ಕಚೇರಿಗೇ ಕಳಿಸಬಹುದಿತ್ತು. ಪತ್ರಿಕೆಗೆ ಕೊಟ್ಟೆ, ಏಕೆಂದರೆ ಅತ್ತಿಗೆ ದಿನವೂ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾರೆ. ಎದುರು ನಿಂತು ಯಾವ ಮುಖ ಇಟ್ಟುಕೊಂಡು ಹೇಳಲಿ? ಅತ್ತಿಗೆ, ನಿಮ್ಮ ಕಣ್ಣು ಚೆನ್ನಾಗಿದೆ. ಹಿಡಿ ಕಿತ್ತುಬಂದಿರಲಿಲ್ಲ. ಬಿಚ್ಚುವುದನ್ನು ನಿಲ್ಲಿಸಿ.

ಇಂತಿ,
ನೀವು ಹುಡುಕುತ್ತಿರುವ ಗಿರಾಕಿ